ಬಾಗೂರಣ್ಣ, ಗಿಡುಗ ಮತ್ತು ನಮ್ಮ ಚಿಕ್ಕಪ್ಪ

ಕರೆಂಟು ಹೋದದ್ದು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಟೀವಿ ಆರಿದ ಕೂಡಲೇ ಅಜ್ಜಿ ನನ್ನನ್ನು ಗಡಿಯಾರ ನೋಡಲು ಕಳಿಸಿದ್ದಳು. ಈಗ ಹಾಸನದ ನನ್ನ ಮನೆಯಲ್ಲಿ ಕರೆಂಟು ಹೋಗಿ, ಫ್ಯಾನು ಕಟಕಟ ಎನ್ನುತ್ತಾ ನಿಧಾನವಾಗಿ ನಿಲ್ಲುವಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆ ಹಿಡಿದು ನಿಂತುಬಿಡುತ್ತೇನೆ. ಆ ಸದ್ದಿನ ಹಿಂದೆಯೇ ಹದವಾದ ಹೊಗೆಸೊಪ್ಪಿನ ವಾಸನೆ, ಬೆಲ್ಲ ಸೀದಂಥ ಒಗರು ವಾಸನೆ, ಮೂಗಿಗೆ ಬರುತ್ತದೆ. ನಮ್ಮ ಬೀದಿಯಲ್ಲಿ ಎಲ್ಲೂ ಹೊಗೆಸೊಪ್ಪಿಲ್ಲ. ಆ ವಾಸನೆಯಿದ್ದ ಮನೆಯೂ ಈಗಿಲ್ಲ. ಅದನ್ನು ಕೆಡವಿದ ಜಾಗದಲ್ಲಿ ಯಾರೋ ಶುಂಠಿ ಹಾಕಿದ್ದಾರೆ.

ಅದು ಅರಕಲಗೂಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿ. ಭಾನುವಾರ ಊಟವಾದ ಮೇಲೆ ಅಜ್ಜಿ, ಚಿಕ್ಕಪ್ಪ ಲೋಕೇಶ, ನಾನು, ನನ್ನ ತಮ್ಮ ಚಂದ್ರು, ನಾಲ್ವರೂ ನಡುಮನೆಯ ಚಾಪೆಯ ಮೇಲೆ ಜಾಗ ಹಿಡಿದು ಟೀವಿಯಲ್ಲಿ ಪರದೇಶದ ಕುಸ್ತಿ ನೋಡುತ್ತಿದ್ದೆವು. ಆ ಪೈಲ್ವಾನರ ಹೆಸರುಗಳು ನಮ್ಮ ಬಾಯಿಗೆ ಬರುತ್ತಿರಲಿಲ್ಲ, ಅಜ್ಜಿಯೇ ಹೆಸರಿಟ್ಟಿದ್ದಳು. ಬೋಳುತಲೆಯ, ದೊಡ್ಡ ಹೊಟ್ಟೆಯ ಒಬ್ಬ, ಬಾಗೂರಿನಲ್ಲಿದ್ದ ಅವಳ ಅಣ್ಣನನ್ನೇ ಹೋಲುತ್ತಿದ್ದ. ಹಾಗಾಗಿ ಅವನು ಬಾಗೂರಣ್ಣ. ಅವನು ಬಂದರೆ ಅಜ್ಜಿ ಎದ್ದು ಹೋಗಿ, ಟೀವಿಯ ಗಾಜಿನ ಮೇಲೆ ಅವನ ಹಣೆ ಇದ್ದಲ್ಲಿಗೆ ವಿಭೂತಿ ಎಳೆಯುತ್ತಿದ್ದಳು. ಅವನು ಅತ್ತಿತ್ತ ಸರಿದಂತೆ ಆ ವಿಭೂತಿ ಎದುರಾಳಿಯ ಹೊಟ್ಟೆಯ ಮೇಲೆ ಬಂದು ನಿಲ್ಲುತ್ತಿತ್ತು.

"ಲೇ ಲೋಕಿ, ಅಣ್ಣಯ್ಯನ್ನ ಇಂದ್ಲಿಂದ ಒಡೀತಾವ್ನೆ ಕಣ್ಲಾ ಆ ಕರಿಚಡ್ಡಿಯೋನು! ಕೇಳೋರೇ ಇಲ್ವೇನ್ಲಾ ಅಲ್ಲಿ?"

"ಅದ್ಕೇ ಅಲ್ವೇನವ್ವ ಪಟ್ಟೆ ಅಂಗಿಯೋನ್ನ ನಿಲ್ಸಿರಾದು. ಅವ್ನು ಗೋಡೆ ನೋಡ್ತಾವ್ನೆ" ಎಂದು ಚಿಕ್ಕಪ್ಪ ಕಡಲೆಕಾಯಿ ಬಿಡಿಸುತ್ತಾ ನಗುತ್ತಿದ್ದ.

ಅವನ ಮೆಚ್ಚಿನವನು ಗಿಡುಗ. ಉದ್ದ ಕೂದಲು, ತೆಳ್ಳನೆಯ ಮೈ. ಏಟು ತಿಂದು ಸತ್ತಂತೆ ಬಿದ್ದಿರುತ್ತಿದ್ದ. ತೀರ್ಪು ಕೊಡುವ ಪಟ್ಟೆ ಅಂಗಿಯವನು ನೆಲ ಬಡಿದು ಒಂದು, ಎರಡು ಎಂದು ಎಣಿಸುತ್ತಿದ್ದ, ಮೂರರೊಳಗೆ ಏಳದವನು ಸೋತಂತೆ. ಮೂರು ಎನ್ನುವಷ್ಟರಲ್ಲಿ ಗಿಡುಗ ಚಂಗನೆ ಎದ್ದು, ಮೂಲೆಯ ಕಂಬ ಹತ್ತಿ ಹಾರುತ್ತಿದ್ದ. ನನಗೆ ಇಷ್ಟವಾಗಿದ್ದವನಿಗೆ ಹೆಸರೇ ಇರಲಿಲ್ಲ. ನೀಲಿ ಚಡ್ಡಿಯ ಒಬ್ಬ ಬಡಪಾಯಿ, ಪ್ರತಿ ವಾರವೂ ಸೋಲಲೆಂದೇ ಬರುವವನು. ಅವನನ್ನು ಎತ್ತಿ ಒಗೆಯುತ್ತಿದ್ದರು, ಕುರ್ಚಿಯಲ್ಲಿ ಬಡಿಯುತ್ತಿದ್ದರು, ಹೊತ್ತುಕೊಂಡು ಹೋಗುತ್ತಿದ್ದರು. ಮುಂದಿನ ಭಾನುವಾರ ತಲೆ ಬಾಚಿಕೊಂಡು ಮತ್ತೆ ಬರುತ್ತಿದ್ದ. ಬಿದ್ದವರೆಲ್ಲ ಮುಂದಿನ ವಾರ ಎದ್ದು ಬರುತ್ತಾರೆಂದು ನಾನು ನಂಬಿದ್ದು ಅವನಿಂದ. ನಿಮ್ಮ ಮನೆಯಲ್ಲೂ ಇಂಥದೊಂದು ಚಾಪೆ ಇದ್ದಿರಬಹುದು, ಅದರ ಮೇಲೆ ಕೂತು ಇಂಥದನ್ನು ನೀವೂ ನಂಬಿರಬಹುದು.

ಆ ಭಾನುವಾರ ಗಿಡುಗ ಕಂಬದ ಮೇಲೆ ನಿಂತಿದ್ದಾಗಲೇ ಕರೆಂಟು ಹೋಯಿತು. ಚಂದ್ರು ಅಳತೊಡಗಿದ. "ಅಳಬ್ಯಾಡ ಕಣ್ಲಾ, ಮುಂದುಕ್ಕೇನಾಯ್ತು ಅಂತ ನಾನ್ ತೋರುಸ್ತೀನಿ ಬಾ" ಎಂದು ಚಿಕ್ಕಪ್ಪ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಇತ್ತು, ಕಿಟಕಿಯಿಲ್ಲದ ಎತ್ತರದ ಕೋಣೆ. ಸೊಪ್ಪಿನ ಕಡ್ಡಿಗಳನ್ನು ತೂಗುಹಾಕಲು ಒಳಗೆ ಗೋಡೆಯಿಂದ ಗೋಡೆಗೆ ಮರದ ಗಳಗಳು. ಸುಗ್ಗಿ ಮುಗಿದಿದ್ದರಿಂದ, ಗೋಣಿತಾಟು ಸುತ್ತಿ ಹೊಲಿದ ಸೊಪ್ಪಿನ ಬೇಲುಗಳನ್ನು ಅಲ್ಲೇ ಇಟ್ಟಿದ್ದರು. ಚಿಕ್ಕಪ್ಪ ಗಳ ಹತ್ತಿ ಬೇಲಿನ ಮೇಲೆ ಹಾರುವುದು ನಮಗೆ ಹೊಸದಲ್ಲ. ನಾನು ಪಟ್ಟೆ ಅಂಗಿಯವಳು. ಹಾರಿ ಬಿದ್ದ ಮೇಲೆ ಅವನು ಏಳಲಾಗದೆ ನರಳಬೇಕು, ನಾನು ಎಣಿಸಬೇಕು, ಎರಡಕ್ಕೆ ಅವನು ಏಳಬೇಕು. ಎಷ್ಟು ನರಳಿದರೆ ಅಷ್ಟು ಚೆನ್ನ. ಅದು ನಾವೇ ಮಾಡಿಕೊಂಡ ಕಾನೂನು.

ಅವನು ಎರಡನೇ ಗಳದಿಂದ ಹಾರಿದ. ಮೇಲಿನ ಬೇಲು ಜಾರಿತು. ಅವನ ತಲೆ ನೆಲಕ್ಕೂ ಮೈ ಬೇಲಿನ ಮೇಲಕ್ಕೂ ಆಗಿ, ಮಡಿಸಿ ಎಸೆದಂತೆ ಬಿದ್ದ. "ಏಳಕ್ಕಾಯ್ತಿಲ್ಲ ಕಣವ್ವ" ಎಂದ. ನಾನು ನೆಲ ಬಡಿದೆ. ಒಂದು. ಎರಡು. ಅವನು ನನ್ನನ್ನೇ ನೋಡುತ್ತಿದ್ದ. ಮೂರು. ಚಂದ್ರು ಚಪ್ಪಾಳೆ ತಟ್ಟಿದ. ಬಾಗಿಲಿಗೆ ಬಂದು ನಿಂತಿದ್ದ ಅಜ್ಜಿ, "ನಿನ್ ಗಿಡುಗ ಸೋತ್ಬುಟ್ಟ ಕಣ್ಲಾ ಲೋಕಿ, ಎದ್ ಬಂದು ಕಾಪಿ ಕುಡಿ" ಎಂದು ನಕ್ಕಳು. "ನಿಜುಕ್ಕೂ ಕಣವ್ವ" ಎಂದು ಅವನು ನನಗೆ ಪಿಸುಗುಟ್ಟಿದ. ನಿಜಕ್ಕೂ ಎನ್ನುವುದನ್ನು ಅವನು ಆಟದಲ್ಲಿ ಯಾವಾಗಲೂ ಹೇಳುತ್ತಿದ್ದ. ಇನ್ನೊಂದು ಅವಕಾಶ ಕೊಡೋಣವೆಂದು ನಾನು ಮತ್ತೆ ಒಂದರಿಂದ ಎಣಿಸಿದೆ.

ಅಜ್ಜಿಯ ಕೂಗಿಗೆ ಅಪ್ಪ ಓಡಿ ಬಂದದ್ದು ಎಷ್ಟು ಹೊತ್ತಿನ ಮೇಲೋ. ಆಳೊಬ್ಬನನ್ನು ಕರೆದು, ಬೇಲು ಎತ್ತುವಂತೆಯೇ ಒಬ್ಬ ಕಂಕುಳಿಗೂ ಒಬ್ಬ ಕಾಲಿಗೂ ಕೈ ಹಾಕಿ, ಒಂದು ಸಲ ತೂಗಿ ಮೇಲೆತ್ತಿದರು. ಆ ಮನೆಯಲ್ಲಿ ಭಾರವಾದದ್ದನ್ನು ಎತ್ತುತ್ತಿದ್ದುದೇ ಹಾಗೆ. ಆಟೋದಲ್ಲಿ ಇಬ್ಬರ ನಡುವೆ ಕೂರಿಸಿದರು. ಅವನ ತಲೆ ಎದೆಯ ಮೇಲೆ ಬಿತ್ತು. ಅಜ್ಜಿ ಅದನ್ನು ನೆಟ್ಟಗೆ ಮಾಡಿದಳು, ಮತ್ತೆ ಬಿತ್ತು. ಅಲುಗಾಡಿಸದೆ ಹಲಗೆಯ ಮೇಲೆ ಮಲಗಿಸಿ ತರಬೇಕಿತ್ತೆಂದು ಹಾಸನದ ಡಾಕ್ಟರು ಆಮೇಲೆ ಹೇಳಿದರಂತೆ. ಕಾಲೇಜಿನಲ್ಲಿ ಬೆನ್ನುಹುರಿಯ ಪಾಠ ನಡೆದ ದಿನ ನಾನು ಅರ್ಧಕ್ಕೇ ಎದ್ದು ಹೊರಗೆ ಬಂದೆ. ನಾನು ಎಣಿಸದೆ ಅಪ್ಪನನ್ನು ಕೂಗಿದ್ದರೆ, ಅಪ್ಪ ತೂಗದೆ ಎತ್ತಿದ್ದರೆ ಎಂದು ಇಂದಿಗೂ ಮನಸ್ಸಿನಲ್ಲೇ ಆ ಬ್ಯಾರನ್ನಿನೊಳಗೆ ಹೋಗುತ್ತೇನೆ. ಪ್ರತಿ ಸಲವೂ ಬೇಲು ಜಾರುತ್ತದೆ.

ಕುತ್ತಿಗೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಅವನಿಗಾಗ ಇಪ್ಪತ್ತಾರು. ಚನ್ನರಾಯಪಟ್ಟಣದ ಕಡೆಯ ಹೆಣ್ಣೊಂದು ಒಪ್ಪಿಗೆಯಾಗಿತ್ತು. ಹೆಣ್ಣಿನ ತಂದೆ ಒಮ್ಮೆ ಬಂದು, ಬಾಳೆಹಣ್ಣಿನ ಚಿಪ್ಪನ್ನು ಮಂಚದ ಬಳಿ ಇಟ್ಟು ಹೋದರು. ಹೊಳೆನರಸೀಪುರದಿಂದ ತಂದ ಎಣ್ಣೆಯನ್ನು ಅವನ ಬೆರಳುಗಳಿಗೆ ಹಚ್ಚುತ್ತಾ ಅಜ್ಜಿ, "ಬೆಳ್ಳು ಅಲ್ಲಾಡ್ತು ಕಣ್ರೋ, ನಾನ್ ನೋಡ್ದೆ" ಎನ್ನುತ್ತಿದ್ದಳು. ಭಾನುವಾರ ಟೀವಿ ಹಾಕಿದರೆ ಚಿಕ್ಕಪ್ಪ ಕಣ್ಣು ಮುಚ್ಚುತ್ತಿದ್ದ. ಹುಣ್ಣಾಗದಿರಲೆಂದು ಎರಡೆರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಾಯಿಸಬೇಕಿತ್ತು, ಹಗಲೂ ರಾತ್ರಿಯೂ. ಅಪ್ಪ, ಅಮ್ಮ, ಅಜ್ಜಿ, ನಾನು ಸರದಿ ಹಾಕಿಕೊಂಡಿದ್ದೆವು. ಆದರೂ ಹುಣ್ಣಾಯಿತು.

ಪಿಯುಸಿಗೆ ಸೇರಿದ ವರ್ಷ ಧೈರ್ಯ ಮಾಡಿ ಕೇಳಿದೆ, ಅವತ್ತು ನಾನು ಎಣಿಸಿದ್ದು ಕೇಳಿಸುತ್ತಿತ್ತೇ ಎಂದು.

"ಎಲ್ಲಾ ಕೇಳುಸ್ತು ಕಣವ್ವ. ಎರಡು ಅಂದಾಗ ಏಳಾನ ಅಂತ್ಲೇ ಇದ್ದೆ. ಕೈಯಿ ಎಲ್ಲದೆ ಅಂತ್ಲೇ ಗೊತ್ತಾಗ್ನಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಐದು ವರ್ಷ ಹೀಗೆ ನಡೆದು, ಒಂದು ಗುರುವಾರ ಬೆಳಿಗ್ಗೆ ಹುಣ್ಣಿನಿಂದ ಬಂದ ಜ್ವರದಲ್ಲೇ ಹೋದ. ನಮ್ಮವರಲ್ಲಿ ಕೂರಿಸಿ ಮಣ್ಣು ಮಾಡುವುದು. ಐದು ವರ್ಷ ಯಾರಿಂದಲೂ ಕೂರಿಸಲಾಗದಿದ್ದ ಚಿಕ್ಕಪ್ಪ, ಬಟ್ಟೆ ಕಟ್ಟಿ ಆನಿಸಿದ ಮೇಲೆ, ಗುಂಡಿಯೊಳಗೆ ನೆಟ್ಟಗೆ ಕೂತಿದ್ದ. ಅಪ್ಪ ಅವನ ಭುಜ ಹಿಡಿದಿದ್ದ ಕೈ ಬಿಡಲು ಬಹಳ ಹೊತ್ತು ಹಿಡಿಯಿತು.

ಮಾರನೆಯ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗ ಬಿಸಿಲು ನಡುಮನೆಯವರೆಗೆ ಬಂದಿತ್ತು. ಅಪ್ಪ ಗೋಡೆಗೊರಗಿದಲ್ಲೇ, ಅಮ್ಮ ಸೆರಗು ಹೊದ್ದು, ನಾನು ಚಂದ್ರುವಿನ ಪಕ್ಕ. ಅಜ್ಜಿ ಎದ್ದು ಕೂತು ಖಾಲಿ ಮಂಚ ನೋಡಿದಳು, ಬಿಸಿಲು ನೋಡಿದಳು. "ಎಂಗ್ ಬಂತು ನಂಗೆ ನಿದ್ದೆ? ಎಂಗಾರಾ ಬಂತು?" ಎಂದು ಎರಡೂ ಕೈಯಲ್ಲಿ ಹಣೆ ಬಡಿದುಕೊಂಡು ಅತ್ತಳು. ಐದು ವರ್ಷಗಳಲ್ಲಿ ಮೊದಲ ಸಲ ಮನೆಯವರೆಲ್ಲ ಒಮ್ಮೆಯೂ ಏಳದೆ ಬೆಳಗಾಗುವವರೆಗೆ ಮಲಗಿದ್ದೆವು.