ಕೇಳಿ ಹೋಗುವುದು, ಹೇಳಿ ಹೋಗುವುದು

ನಿಮ್ಮ ತಾತ ಬೀದಿ ಕೊನೆಯ ಅಂಗಡಿಗೆ ಹೊರಟರೂ ಬಾಗಿಲಲ್ಲಿ ನಿಂತು "ಹೋಗ್ಬರ್ಲಾ?" ಎಂದು ನನ್ನನ್ನು ಕೇಳುತ್ತಿದ್ದರು. "ತಾತಂಗೆ ಅಜ್ಜಿ ಅಂದ್ರೆ ಭಯ" ಎಂದು ನೀವೆಲ್ಲ ನಗುತ್ತಿದ್ದಿರಿ. ಅದು ನನ್ನ ಮೇಲಿನ ಭಯವಲ್ಲ. ಗುಬ್ಬಿ ಕಡೆಯ ನಮ್ಮ ಹಳ್ಳಿಯಿಂದ ಜೊತೆಗೆ ಬಂದದ್ದು.

ಅಲ್ಲಿ ತೆಂಗಿನ ತೋಟದ ಯಜಮಾನರೊಬ್ಬರ ಮನೆಗೆ ತಾತ ಹಳೇಮಗ. ಅಂದರೆ ತಲೆತಲಾಂತರದ ಆಳು. ಸಾಲಕ್ಕೆ ದುಡಿದದ್ದಲ್ಲ. ಅವರಪ್ಪ ಆ ಮನೆಯಲ್ಲಿ ದುಡಿದಿದ್ದರು, ಇವರೂ ದುಡಿಯಬೇಕಿತ್ತು, ಅಷ್ಟೇ. ಸುಗ್ಗಿಯಲ್ಲಿ ರಾಗಿ, ಹಬ್ಬಕ್ಕೊಂದು ಪಂಚೆ. ಕೂಲಿಗೆ ಬರುವವರು ಬೇರೆ. ಅವರು "ನಾಳೆ ಬರಕಿಲ್ಲ ಯಜಮಾನ್ರೇ, ಸಂತೆಗೆ ಹೋಗ್ಬೇಕು" ಎಂದು ಹೇಳಿ ಹೋಗುತ್ತಿದ್ದರು. ಯಜಮಾನರು ಗೊಣಗುತ್ತಿದ್ದರು, ಅಷ್ಟೇ. ತಾತ ಮಾತ್ರ ಕೇಳಿ ಹೋಗಬೇಕಿತ್ತು.

ತೊಂಬತ್ತರ ದಶಕದ ಒಂದು ಒಕ್ಕಣೆಯ ಕಾಲ. ಕುಣಿಗಲ್‌ನಲ್ಲಿ ಗಂಡನ ಮನೆಯಲ್ಲಿದ್ದ ನಿಮ್ಮ ತಾಯಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂತು. ಮೊದಲ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಅಪ್ಪ ಅವ್ವ ಬರಲಿ ಎಂದು ಅಳುತ್ತಿದ್ದಾಳಂತೆ. ತಾತ ಟವೆಲನ್ನು ಕಂಕುಳಿಗೆ ಸೇರಿಸಿ ಕಣದ ಅಂಚಿನಲ್ಲಿ ನಿಂತರು.

"ಏನ್ಲಾ, ಮನೆಮಗ ಎಲ್ಲಾರ ರಜ ಕೇಳ್ತಾನಾ?" ಎಂದು ಯಜಮಾನರು ನಕ್ಕರು. "ರಾಶಿ ಆಗ್ಲಿ, ಹೋಗೀವಂತೆ."

ಕಣದಲ್ಲಿದ್ದವರೆಲ್ಲ ನಕ್ಕರು. ತಾತನೂ ನಕ್ಕು ಗುಡಿಸಲಿಗೆ ಬಂದರು.

ನಾನು ಎದುರು ಮಾತಾಡಿದವಳಲ್ಲ. ಅವತ್ತು ಬಾಯಿಗೆ ಬಂದುಬಿಟ್ಟಿತು. "ಮನೆಮಗ ಅಂದ್ರಲ್ಲ ಅವ್ರು, ಮಗ ಆದೋನು ಕೇಳಿ ಹೋಯ್ತಾನಾ? ಹೇಳಿ ಹೋಯ್ತಾನೆ. ಹೇಳ್ಬುಟ್ ಬನ್ನಿ."

"ಅದು ನನ್ ಬಾಯಲ್ಲಿ ಬರಕಿಲ್ಲ ಕಣೇ" ಎಂದರು.

ಕೊನೆಗೆ ಕೇಳದೆ, ಹೇಳದೆ ಬಸ್ಸು ಹತ್ತಿದೆವು. ಯಾರೋ ಕರೆದಂತೆ ಅವರು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದರು. ನಿಮ್ಮಲ್ಲಿ ದೊಡ್ಡವಳು ಹುಟ್ಟಿದಳು. ತಾಯಿಯೂ ಉಳಿದಳು.

ವಾಪಸ್ಸು ಬಂದಾಗ ಯಜಮಾನರು ಬೈಯಲಿಲ್ಲ. "ಇನ್ಮೇಲೆ ನಿನ್ ದಾರಿ ನಿಂದು ಬುಡು" ಎಂದರು. ಗುಡಿಸಲಿದ್ದ ಜಾಗ ಅವರದೇ, ಅದನ್ನೂ ಬಿಡಬೇಕಾಯಿತು. ತುಮಕೂರಿಗೆ ಬಂದು ಸದಾಶಿವನಗರದಲ್ಲಿ ಕಟ್ಟುವ ಮನೆಗಳಿಗೆ ಮಣ್ಣು ಹೊತ್ತೆವು. ಬೆಳಿಗ್ಗೆ ಎದ್ದರೆ ಇವತ್ತು ಕೆಲಸ ಸಿಕ್ಕುತ್ತದೋ ಇಲ್ಲವೋ ಎನ್ನುವ ಯೋಚನೆ. ಯಾರ ಆಳೂ ಆಗದೆ ಬದುಕುವುದರಲ್ಲೂ ಇಷ್ಟು ಸುಸ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ವಾಪಸ್ಸು ಹೋಗೋಣ ಎಂದು ಇಬ್ಬರೂ ಅನ್ನಲಿಲ್ಲ.

"ಹೇಳಿ ಹೋದ್ರೆ ಸಾಕು" ಎಂದು ನಾನು ಎಷ್ಟೋ ಸಲ ಹೇಳಿದೆ. ನಾನು "ಹ್ಞೂಂ" ಎನ್ನುವವರೆಗೂ ಅವರು ಹೊಸ್ತಿಲು ದಾಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅವತ್ತು ಕೇಳಲಿಲ್ಲ. ಹೇಳಲೂ ಇಲ್ಲ.