ನೀರುಗೊಬ್ಬಿ ಬೀಜ

ಚೆನ್ನಬಸಮ್ಮ ಬುಧವಾರ ಬೆಳಿಗ್ಗೆ ಯಶವಂತನಗರದ ತನ್ನ ಮನೆಯಲ್ಲಿ ತೀರಿಕೊಂಡಳು. ಉಸಿರಾಟದ ತೊಂದರೆ ಇತ್ತು. ಆಂಬುಲೆನ್ಸ್ ಬಂದಿತ್ತು, ಅದಿರು ಲಾರಿಗಳ ಸಾಲು ದಾಟಿ ಬಾಗಿಲ ತನಕ ಬರಲಾಗಲಿಲ್ಲ.

ನಾನೂ ಅವಳೂ ಮೆಟ್ರಿ ಊರಿನವರು, ಭತ್ತ ಬೆಳೆಯುವ ಮನೆಗಳಲ್ಲಿ ಹುಟ್ಟಿದವರು. ಸೀಗೆ ಹುಣ್ಣಿಮೆಗೆ ಗದ್ದೆಗೆ ಚರಗದ ಎಡೆ ಚೆಲ್ಲಲು ಹೋಗುವಾಗ ಅವಳ ತಾಯಿ ಎಡೆಬುಟ್ಟಿಯ ಮೇಲೆ ನೀರುಗೊಬ್ಬಿಯ ಹೂ ಇಡುತ್ತಿದ್ದರು. ಅದು ಕಾಲುವೆ ಪಕ್ಕದ ಜವುಗಿನ ಗಿಡ. ಗೆಣ್ಣು ಗೆಣ್ಣಿಗೂ ಮುಳ್ಳು, ಮುಳ್ಳಿನ ನಡುವೆ ನೇರಳೆ ಹೂ. ಕೀಳುವುದು ಚೆನ್ನಬಸಮ್ಮನ ಕೆಲಸ. ಗೀರಿದ ಕೈ ತೋರಿಸಿ ನಗುತ್ತಿದ್ದಳು. ಆಮೇಲೆ ಕಳೆನಾಶಕ ಬಂತು. ಮೆಟ್ರಿಯಲ್ಲಿ ಆ ಗಿಡ ಉಳಿಯಲಿಲ್ಲ.

ಗಂಡನ ಮನೆಯ ಹಿಂದಿನ ಹಳ್ಳದಲ್ಲಿ ಅದೇ ಗಿಡ ಸಿಕ್ಕಿದ್ದರಿಂದಲೇ ಅವಳು ಯಶವಂತನಗರಕ್ಕೆ ಒಗ್ಗಿದ್ದು. ಅದಿರಿನ ದರ ಏರಿದ ಮೇಲೆ ಹಳ್ಳಕ್ಕೆ ಗಣಿಮಣ್ಣು ಸುರಿದು ಲಾರಿ ನಿಲ್ಲಿಸುವ ಜಾಗ ಮಾಡಿದರು. ಅಷ್ಟರೊಳಗೆ ಅವಳು ಒಂದು ಹಿಡಿ ಬೀಜ ತೆಗೆದಿಟ್ಟಿದ್ದಳು. ಮನೆಯ ಮುಂದೂ ಲಾರಿ, ಹಿಂದೂ ಲಾರಿ. ಕೆಂಧೂಳು ಬಾರದಂತೆ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊಡೆದರು. ಒಗೆದ ಸೀರೆ ಒಳಗೇ ಒಣಗಬೇಕು. ಗಂಡ ವಿರುಪಾಕ್ಷಪ್ಪ ಪ್ರತಿ ವರ್ಷವೂ "ಮುಂದಿನ ವರ್ಷ ಹೊಸಪ್ಯಾಟಿಗೆ ಹೋಗೂಣು" ಅನ್ನುತ್ತಿದ್ದ. ಅವನ ಟಿಪ್ಪರ್‌ಗಳೂ ಆ ಸಾಲಿನಲ್ಲೇ ಇದ್ದವು.

ಸಾಯುವ ಹಿಂದಿನ ದಿನ, ಮಂಗಳವಾರ, ನಾನು ಹೋದಾಗ ಅವಳು ಹಾಸಿಗೆಯಲ್ಲಿ ಬಟ್ಟಲು ಹಿಡಿದು ಕೂತಿದ್ದಳು. ಬಕೆಟ್ಟಿನಲ್ಲಾದರೂ ಬೆಳೆಸೋಣವೆಂದು, ಭತ್ತ ನೆನೆಹಾಕುವ ಹಾಗೆ ಇದ್ದ ಬೀಜವನ್ನೆಲ್ಲ ನೆನೆಹಾಕಿದ್ದಳು. ನೀರುಗೊಬ್ಬಿ ಬೀಜ ನೆನೆದರೆ ಲೋಳೆಯಾಗುತ್ತದೆ; ಮುಟ್ಟಿದ್ದಕ್ಕೆ ಅಂಟಿ ಒಣಗುತ್ತದೆ, ಮತ್ತೆ ನೀರಿನಲ್ಲಿ ತೊಳೆದರೆ ಬಿಡುತ್ತದೆ.

"ಎಲ್ಲಾ ಹಾಳ್ ಮಾಡಿಬಿಟ್ಟೆ ಗಂಗೀ. ಭತ್ತದೋರ ಬುದ್ಧಿ! ಕೈಗೆ ಹತ್ತಿದ್ದು ಬಿಡವಲ್ದು."

"ನಿನ್ನಂಗ ಮೊಂಡು," ಅಂದೆ. ನಕ್ಕಳು, ಕೆಮ್ಮಿದಳು.

ಗೇಟಿಗೆ ಒತ್ತಿಕೊಂಡು ಒಂದು ಖಾಲಿ ಲಾರಿ ನಿಂತಿತ್ತು. ಡ್ರೈವರ್ ತಿಪ್ಪೇಶ್, ನಮ್ಮ ಮೆಟ್ರಿಯವನೇ. ಅವಳು ಎದ್ದು ಬಂದು ಬಾಗಿಲಿನಿಂದಲೇ ಕೂಗಿದಳು.

"ಲೇ ತಿಪ್ಪೇಶಿ, ಊರಿಗೇನೋ?"

"ಹೂಂ ಅಕ್ಕ, ದೀಪಾವಳಿಗೆ. ಗಾಡಿ ತೊಳೀಬೇಕು."

"ಎಲ್ಲಿ ತೊಳೀತಿ?"

"ಮತ್ತೆಲ್ಲಿ, ನಮ್ಮ ಕಾಲುವ್ಯಾಗ. ನೀವೂ ಬರ್ರಿ, ತವರು ನೋಡೀರಂತ."

"ನಿನ್ ಗಾಡಿ ಹತ್ತೂವಷ್ಟು ಉಸಿರು ಎಲ್ಲೈತಪ್ಪ."

ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಗೋಡೆ ಹಿಡಿದುಕೊಂಡು ಗೇಟಿನ ತನಕ ಹೋದಳು. ಸರಳುಗಳ ಸಂದಿಯಿಂದ ಕೈ ಹಾಕಿ, ಚಕ್ರದ ಮೇಲಿನ ಮಡ್‌ಗಾರ್ಡಿಗೆ ಲೋಳೆಯನ್ನು ಸಗಣಿ ಸಾರಿಸಿದ ಹಾಗೆ ಬಳಿದಳು.

"ಏನ್ರೀ ಅಕ್ಕ, ಗಾಡಿಗೆ ದೃಷ್ಟಿ ತೆಗೀತೀರೇನು?"

"ಹೌದಪಾ. ಕಾಲುವಿ ಮುಟ್ಟೂ ತನಕ ಒರಸಬ್ಯಾಡ."

ಸಾಲು ಒಂದಿಷ್ಟು ಮುಂದೆ ಸರಿಯಿತು. ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಕೆರೆದು ತೆಗೆದು, ಹಿಂದಿನ ಚಕ್ರದ ಮಡ್‌ಗಾರ್ಡಿಗೂ ಹಚ್ಚಿದಳು.