ಹಾಲಿನ ಸಾಲಿನಲ್ಲಿ ಕಾನೂನು ಹೇಳುವ ನೀಲಮಕ್ಕನ ಹೊಟ್ಟೆಕಿಚ್ಚು

ಬೆಳಗಿನ ಐದೂವರೆ. ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದ ಹೆಂಗಸರ ಸಾಲು ಆಗಲೇ ರಸ್ತೆಗೆ ಬಂದಿದೆ. ಒಳಗೆ ನೀಲಮಕ್ಕ ಒಬ್ಬೊಬ್ಬರ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡುತ್ತಾರೆ. ಕೈ ಇಲ್ಲಿದ್ದರೂ ಕಣ್ಣು ಹೊರಗಿನ ನಳದ ಮೇಲೆ. ಅಲ್ಲೊಬ್ಬಳು ತೊಳೆದ ಕ್ಯಾನನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಾಳೆ. ಹಾಗೆ ತೊಳೆಯುವವಳ ಹತ್ತಿರ ಮನೆಯಲ್ಲಿ ಕೇಳಲಾಗದ ಪ್ರಶ್ನೆಯೊಂದು ಇರುತ್ತದೆ. ಯಾರ ಕಾವಲೂ ಇಲ್ಲದೆ ಅವಳು ಹೊರಗೆ ನಿಲ್ಲಬಹುದಾದ ಹೊತ್ತು ಇದೊಂದೇ.

ಸಾಲು ಕರಗಿದ ಮೇಲೆ ನೀಲಮಕ್ಕ ಕೈ ಒರೆಸಿಕೊಂಡು ನಳದ ಬಳಿ ಹೋಗುತ್ತಾರೆ. ಹತ್ತು ವರ್ಷಗಳಿಂದ ಅವರು ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ವಕೀಲರಲ್ಲ, ಕರಿಕೋಟೂ ಇಲ್ಲ. ಗಂಡನಿಂದ ಬೇರೆಯಾಗಲು ಹೊರಟವಳಿಗೆ ದಾರಿ ಹೇಳುವುದು, ಬೇಕಾದರೆ ಚಿಕ್ಕೋಡಿಯ ಕೋರ್ಟಿನ ತನಕ ಹೋಗಿ ಜೊತೆಗೆ ಕೂರುವುದು ಅವರ ಕೆಲಸ. ದಿನಕ್ಕೆ ಒಬ್ಬಿಬ್ಬರು, ಸಂತೆಯ ದಿನ ನಾಲ್ಕೈದು ಮಂದಿ ಬರುತ್ತಾರೆ.

ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಮದುವೆ ಕೊಲ್ಲಾಪುರದಲ್ಲಿ ಆಗಿದೆ, ಕೇಸನ್ನೂ ಅಲ್ಲೇ ಹಾಕಬೇಕೇ? ಬೇಡ, ಹೆಂಡತಿ ಈಗ ಇರುವ ಕಡೆಯ ಕೋರ್ಟಿನಲ್ಲೂ ಹಾಕಬಹುದು. ವಕೀಲರನ್ನು ಹಿಡಿಯುವ ಶಕ್ತಿ ಇಲ್ಲದಿದ್ದರೆ? ಹೆಣ್ಣುಮಕ್ಕಳಿಗೆ ಸಮಿತಿಯೇ ವಕೀಲರನ್ನು ಕೊಡುತ್ತದೆ. ಇಬ್ಬರೂ ಒಪ್ಪಿದರೆ ನಾಳೆಯೇ ಬಿಡುಗಡೆಯೇ? ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಮಗು ಯಾರ ಬಳಿ ಎಂದು ಕೇಳಿದಾಗ ಮಾತ್ರ ನೀಲಮಕ್ಕ ಅವಸರ ಮಾಡುವುದಿಲ್ಲ, ಕೇಳಿದವಳನ್ನು ಕೂರಿಸಿ ಚಹಾ ತರಿಸುತ್ತಾರೆ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವುದು ಸೋಡಚಿಟ್ಟಿಯ ವಿಷಯ. ಈ ಕಡೆ ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರು ಕೂತು, ಬಾಂಡ್ ಪೇಪರಿನ ಮೇಲೆ ಬರೆಸಿ, ಇಬ್ಬರ ಸಹಿ ಹಾಕಿಸುತ್ತಾರೆ. ಅದೇ ಸೋಡಚಿಟ್ಟಿ. ಅಲ್ಲಿಗೆ ಎಲ್ಲ ಹರಿಯಿತೆಂದು ಎರಡೂ ಮನೆಯವರು ಎದ್ದು ಹೋಗುತ್ತಾರೆ. ಅಂಥ ರೂಢಿ ತಮ್ಮಲ್ಲಿದೆ ಎಂದು ಕೋರ್ಟಿನಲ್ಲಿ ಸಾಬೀತಾಗದ ಹೊರತು ಆ ಕಾಗದದಿಂದ ಮದುವೆ ಮುರಿಯುವುದಿಲ್ಲ.

"ನನ್ನ ಟ್ರಂಕಿನ್ಯಾಗೂ ಒಂದ ಐತ್ರಿ," ಎನ್ನುತ್ತಾರೆ ನೀಲಮಕ್ಕ. "ಇಪ್ಪತ್ತೈದ ವರ್ಷದಾಕಿ ಇದ್ದೆ. ಅಪ್ಪ ಪೆನ್ನ ಕೈಯಾಗ ಕೊಟ್ಟ, ಸೈ ಮಾಡಿದೆ. ಬಿಡುಗಡಿ ಆತು ಅಂತ ತಲೀಮ್ಯಾಲ ನೀರ ಹಾಕ್ಕೊಂಡೆ."

ಗಂಡ ರೂಪೇಶ ಅದೇ ವರ್ಷ ಕಾಗವಾಡದ ಹುಡುಗಿಯೊಬ್ಬಳನ್ನು ಕಟ್ಟಿಕೊಂಡು ಅಲ್ಲೇ ನೆಲೆಸಿದ. ಒಂಬತ್ತು ವರ್ಷ ಕಳೆದ ಮೇಲೆ, ಸ್ವಯಂಸೇವಕರ ತರಬೇತಿಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದ ನೀಲಮಕ್ಕನಿಗೆ ತಾನಿನ್ನೂ ರೂಪೇಶನ ಹೆಂಡತಿ ಎಂದು ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳದೇ ಹೀಗೆ ಎಂದು ನಕ್ಕಾರು ಎಂಬ ನಾಚಿಕೆ. ಯಾವ ಫಾರ್ಮ್ ತುಂಬಿದರೂ ಗಂಡನ ಹೆಸರಿನ ಜಾಗದಲ್ಲಿ ಹಲ್ಲು ಕಚ್ಚಿ ಅವನ ಹೆಸರನ್ನೇ ಬರೆಯುತ್ತ ಬಂದರು.

ಕಾಗವಾಡದವಳ ಮೇಲಿನ ಉರಿ ಯಾವಾಗಲೋ ತಣ್ಣಗಾಗಿದೆ. ಈಗಿನ ಉರಿಯೆಲ್ಲ ತಾವೇ ಕೈಹಿಡಿದು ಕೋರ್ಟಿಗೆ ಕರೆದೊಯ್ದವರ ಮೇಲೆ. ಒಬ್ಬೊಬ್ಬಳ ಕೈಗೆ ತೀರ್ಪಿನ ನಕಲು ಬಂದಾಗಲೂ ಎದೆಯಲ್ಲಿ ಮುಳ್ಳು ಆಡಿಸಿದಂತಾಗುತ್ತದೆ. ದೀಪಾಲಿ ಎಂಬ ಹುಡುಗಿಯ ಅಪ್ಪ ಪ್ರತಿ ತಾರೀಖಿಗೂ ಮಗಳ ಜೊತೆ ನೀರಿನ ಬಾಟಲಿ ಹಿಡಿದುಕೊಂಡು ಬರುತ್ತಿದ್ದ. ಅದನ್ನು ನೋಡಲಾಗದೆ, ವಾಪಸು ಬರುವಾಗ ಬಸ್ಸಿನ ಹಿಂದಿನ ಸೀಟಿಗೆ ಹೋಗಿ ಕೂತಿದ್ದಾರೆ. "ಹೊಟ್ಟಿಕಿಚ್ಚ ಐತ್ರಿ ನನಗ, ಸುಳ್ಳ ಯಾಕ ಹೇಳ್ಲಿ? ಅವರ ಕೆಲಸ ಕೆಡಿಸಿಲ್ಲ, ಅಷ್ಟ."

ಕೆಡಿಸಿಲ್ಲ ನಿಜ, ಒಮ್ಮೆ ಮಾತ್ರ ನಾಲಿಗೆ ಜಾರಿದೆ. ಮುಗಳಖೋಡದ ಗಂಡನ ಮನೆಯಿಂದ ತವರಿಗೆ ಬಂದಿದ್ದ ಕಾಜಲ, ಎರಡು ತಿಂಗಳ ಹಿಂದೆ ಹಾಲಿನ ಕ್ಯಾನಿನ ಜೊತೆಗೆ ತನ್ನ ವಿಚ್ಛೇದನದ ತೀರ್ಪಿನ ನಕಲನ್ನೂ ಪೇಢೆಯ ಪೊಟ್ಟಣವನ್ನೂ ಹಿಡಿದು ಡೇರಿಗೇ ಬಂದಳು. ನೀಲಮಕ್ಕ ಸಾಲನ್ನು ನಿಲ್ಲಿಸಿ ಆ ನಕಲಿನ ಒಂದೊಂದೂ ಹಾಳೆ ಓದಿದರು. ಕಾಜಲ ಏನೂ ಅರಿಯದೆ ಕೇಳಿದಳು: "ಅಕ್ಕಾ, ನಿಮ್ಮ ನಕಲ ಒಮ್ಮಿನೂ ತೋರಿಸಿಲ್ಲಲ್ಲ?"

ನೀಲಮಕ್ಕ ಹಾಳೆಗಳನ್ನು ಅವಳ ಕೈಗೆ ತುರುಕಿ, ನಿನ್ನ ಹಾಲಿನಲ್ಲಿ ಫ್ಯಾಟ್ ಇಲ್ಲ, ನೀರು ಬೆರೆಸಿದ್ದೀಯ ಎಂದುಬಿಟ್ಟರು. ಇಡೀ ಸಾಲಿಗೆ ಕೇಳಿಸಿತು. ಹುಡುಗಿ ಅಳುತ್ತ ಹೋದಳು.

"ಹಾಲ ಛಲೋನ ಇತ್ರಿ," ಎನ್ನುವಾಗ ನೀಲಮಕ್ಕ ತಲೆ ಎತ್ತುವುದಿಲ್ಲ. ಮರುದಿನ ಅದೇ ಸಾಲಿನ ಮುಂದೆ, ನಿನ್ನೆ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡರು. ಯಾಕೆ ಹೇಳಿದೆ ಎನ್ನುವುದನ್ನೂ ಟ್ರಂಕಿನ ಕಾಗದದ ಸಮೇತ ಹೇಳಿದರು. ಒಂದಿಬ್ಬರು ನಕ್ಕರು. ಕಾಜಲ ನಗಲಿಲ್ಲ. ಕ್ಯಾನನ್ನು ಮನೆಯಲ್ಲಿಟ್ಟು ಬಂದು, ಅಕ್ಕನನ್ನು ಚಿಕ್ಕೋಡಿಯ ಬಸ್ಸಿಗೆ ಹತ್ತಿಸಿ, ಸಮಿತಿಯ ವಕೀಲರ ಮುಂದೆ ಜೊತೆಗೆ ಕೂತಳು.

ಈಗ ಅರ್ಜಿ ದಾಖಲಾಗಿದೆ. ಕಾಗವಾಡಕ್ಕೆ ನೋಟಿಸು ಹೋಗಿದೆ, ಮುಂದಿನ ತಿಂಗಳು ಕೋರ್ಟಿನ ಮೊದಲ ತಾರೀಖು. ರೂಪೇಶ ಬಂದು ಏನು ತಕರಾರು ತೆಗೆಯುತ್ತಾನೋ ಎಂದು ನೀಲಮಕ್ಕನಿಗೆ ನಿದ್ದೆ ಹತ್ತುತ್ತಿಲ್ಲ. ನಳದ ಬಳಿ ನಿಂತವಳಿಗೆ ಮಾತ್ರ ಎಂದಿನಂತೆ, ಹೆದರಬೇಡ ಎಂದು ಹೇಳಿ ಕಳಿಸುತ್ತಾರೆ.

ಗೆದ್ದರೆ ಏನು ಮಾಡುತ್ತೀರಿ ಎಂದರೆ, ಡೇರಿಯ ಬಾಗಿಲು ಎಳೆದು ಚಿಲಕ ಹಾಕುತ್ತಾರೆ. "ನಕಲ ಹಿಡಕೊಂಡ ಇಲ್ಲೇ ಬರ್ತೀನ್ರಿ, ಪೇಢೆ ಹಂಚ್ತೀನಿ. ಈ ಸಾಲಿನ್ಯಾಗ ಒಬ್ಬಾಕಿಗರೆ ನನ್ನ ನೋಡಿ ಹೊಟ್ಟಿ ಉರೀಬೇಕು."